ಲಾಳಿಗೂ ಬೇಕು ಒಂದು ಗಾಜಿನ ಕಪಾಟು

ವಿಜಯಪುರದ ಗೋಲಗುಮ್ಮಟದ ಆವರಣದ ವಸ್ತುಸಂಗ್ರಹಾಲಯದಲ್ಲಿ ಶಾಸನ, ಆಯುಧ, ಹಸ್ತಪ್ರತಿಗಳಿವೆ. ಅರಸರ ಕಾಲವನ್ನು ನಾವು ಜತನವಾಗಿಯೇ ಕಾದಿಟ್ಟಿದ್ದೇವೆ. ನಮ್ಮ ಮಹಾಲಿಂಗಪುರ ಬಾಳಿದ್ದು ಮಾತ್ರ ಬೆಲ್ಲ ಮತ್ತು ನೇಯ್ಗೆಯಿಂದ. ಆ ಕೊಪ್ಪರಿಗೆ, ಲಾಳಿಗಳು ಗುಜರಿಯ ಪಾಲಾಗುವುದು ನನಗೆ ಸಂಕಟದ ಸಂಗತಿ.

ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದು, ಹೊಲಮನೆಯ ಸಾಮಾನುಗಳಿಗೂ ಸಂಗ್ರಹಾಲಯದ ಘನತೆ ತಂದುಕೊಟ್ಟರು. ಜನಪದಕ್ಕೆ ಸಂದ ಈ ಮಾನ ಜನಪ್ರಿಯ ಕಲೆಗೂ ಸಲ್ಲಬೇಕು. ನೆರೆಯ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿ ದೇಶಕ್ಕೇ ಮನೆಮಾತಾದರು. ಆ ಕಾಲದ ಹಾಡುಗಳನ್ನು ಹೊತ್ತ 78 ಸುತ್ತಿನ ಅರಗಿನ ಪ್ಲೇಟಿನಲ್ಲಿ ಮಗ್ಗುಲೊಂದಕ್ಕೆ ಸುಮಾರು ಮೂರು ನಿಮಿಷದ ಹಾಡು; ಕೈಜಾರಿದರೆ ಚೂರು. ಅದನ್ನು ಹಳೆಯ ಶೋಕಿಯ ಸಾಮಾನೆಂದು ಬದಿಗೆ ಸರಿಸುವವರೇ ಹೆಚ್ಚು. ನನಗದು ಸರಿಯೆನಿಸುವುದಿಲ್ಲ.

ಆದರೆ ವಸ್ತುಗಳನ್ನು ತಂದು ಸಾಲಾಗಿ ಜೋಡಿಸಿದರಷ್ಟೇ ಸಾಲದು. ಲಾಳಿ ಯಾರ ಕುಣಿಮಗ್ಗದ್ದು, ಎಂಥ ಸೀರೆಗೆ ಓಡಿತು, ಪ್ಲೇಟು ಯಾರ ಮನೆಯಲ್ಲಿ ತಿರುಗಿತು, ಹಾಡು ಕೇಳಲು ಓಣಿಯ ಯಾರ್ಯಾರು ಬಂದು ಕೂಡುತ್ತಿದ್ದರು ಎಂಬುದನ್ನು ಬರೆದಿಡದಿದ್ದರೆ ಕಪಾಟಿನಲ್ಲಿ ಉಳಿಯುವುದು ಬರಿಯ ಕಟ್ಟಿಗೆ, ಬರಿಯ ಅರಗು. ಅದನ್ನು ಹೇಳಬಲ್ಲ ಹಿರಿಯರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಪುರಸಭೆ ಒಂದು ಕೋಣೆ ಕೊಡಲಿ. ನಮ್ಮ ಕಾಲೇಜಿನ ಹುಡುಗ ಹುಡುಗಿಯರು ದಾಖಲೆ ಪುಸ್ತಕ ಹಿಡಿದು ಈ ಬೇಸಿಗೆಯಲ್ಲೇ ನೇಕಾರರ ಓಣಿಯಿಂದ ಶುರುಮಾಡಲಿ.