ಸೋಲ್ಡರಿಂಗ್ ಐರನ್ ಮತ್ತು ವೋಲ್ಟೇಜಿನ ಲೆಕ್ಕ

ಎಲೆಕ್ಟ್ರಾನಿಕ್ ಜೋಡಣೆಯ ಸಣ್ಣ ಘಟಕಗಳಲ್ಲಿ ಸೋಲ್ಡರಿಂಗ್ ಐರನ್ ಅತ್ಯಂತ ಅಗ್ಗದ ಉಪಕರಣಗಳಲ್ಲೊಂದು. ಆದ ಕಾರಣ ಅದಕ್ಕೆ ದೊರೆಯುವ ವಿದ್ಯುತ್ತಿನ ಬಗ್ಗೆ ಮಾಲೀಕರು ವಿಚಾರ ಮಾಡುವುದು ಅಪರೂಪ. ಆದರೆ ಜಾಬ್ ವರ್ಕ್ ನೀಡಿದವರು ‘ಡ್ರೈ ಸೋಲ್ಡರ್’ ಎಂದು ಬೋರ್ಡುಗಳನ್ನು ಹಿಂದಿರುಗಿಸಿದಾಗ ಪುನಃ ಬೆಸೆಯುವ ಕೂಲಿ, ಸಾಗಾಣಿಕೆ ವೆಚ್ಚ, ತಡವಾದ ಪಾವತಿ ಎಲ್ಲವೂ ಘಟಕದ ತಲೆಗೇ ಬರುತ್ತವೆ. ಇಂಥ ವೇಳೆ ಕೆಲಸಗಾರನನ್ನು ದೂರುವುದು ವಾಡಿಕೆ. ಪ್ಲಗ್ ಪಾಯಿಂಟಿನ ವೋಲ್ಟೇಜನ್ನು ಅಳೆದು ನೋಡುವವರು ಕಡಿಮೆ.

ಸಾಧಾರಣ ಐರನ್ನಿನೊಳಗಿರುವುದು ಒಂದು ಕಾಯಿಲ್ ಮಾತ್ರ. ಅದು ನೀಡುವ ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರಿಳಿಯುತ್ತದೆ. 230 ವೋಲ್ಟಿನ 25 ವ್ಯಾಟ್ ಐರನ್ನಿಗೆ 180 ವೋಲ್ಟ್ ದೊರೆತರೆ ವೋಲ್ಟೇಜಿನ ಇಳಿಕೆ ಶೇ. 22 ಮಾತ್ರ, ಶಾಖದ ಇಳಿಕೆಯಾದರೋ ಶೇ. 39. ಉಳಿಯುವುದು ಸುಮಾರು 15 ವ್ಯಾಟ್. 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗುವ 60-40 ಸೀಸದ ಬೆಸುಗೆ ಹೇಗೋ ನಡೆದೀತು. ಐರೋಪ್ಯ ಒಕ್ಕೂಟವು 2006ರ ಜುಲೈನಿಂದ ಬಹುತೇಕ ಎಲೆಕ್ಟ್ರಾನಿಕ್ ಸರಕುಗಳಲ್ಲಿ ಸೀಸವನ್ನು ನಿರ್ಬಂಧಿಸಿದ ಬಳಿಕ ರೂಢಿಗೆ ಬಂದ ತವರ-ಬೆಳ್ಳಿ-ತಾಮ್ರದ ಬೆಸುಗೆ 217 ಡಿಗ್ರಿಗಿಂತ ಕೆಳಗೆ ಕರಗುವುದೇ ಇಲ್ಲ. ರಫ್ತುದಾರರಿಗೆ ಬೋರ್ಡು ಒದಗಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಸ್ಟೆಬಿಲೈಜರ್ ಕೊಂಡರೆ ಅದು ಸ್ವತ್ತಾಗಿ ದಾಖಲಾಗಿ ಸವಕಳಿಗೆ ಅರ್ಹವಾಗುತ್ತದೆ. ಪುನಃ ಬೆಸೆದ ಕೂಲಿಯಾದರೋ ವೇತನದ ಖಾತೆಯಲ್ಲಿ ಬೆರೆತು ಯಾರ ಕಣ್ಣಿಗೂ ಬೀಳುವುದಿಲ್ಲ. ತಿರಸ್ಕೃತ ಬೋರ್ಡುಗಳ ವೆಚ್ಚಕ್ಕೆ ಪ್ರತ್ಯೇಕ ಖಾತೆ ತೆರೆದು, ದಿನದಲ್ಲಿ ಎರಡು ಬಾರಿ ಅಳೆದ ವೋಲ್ಟೇಜನ್ನು ಅದರೊಡನೆ ಹೋಲಿಸಿದರೆ ದೋಷದ ಮೂಲ ತಿಳಿಯುತ್ತದೆ.

ಅಮೆರಿಕದ 120 ವೋಲ್ಟಿನ ಹಳೆಯ ಐರನ್ನನ್ನು ಅಗ್ಗವೆಂದು ಕೊಂಡವರ ಸ್ಥಿತಿ ಇದಕ್ಕೆ ವಿರುದ್ಧ. 40 ವ್ಯಾಟಿನದನ್ನು ನೇರವಾಗಿ 230 ವೋಲ್ಟಿಗೆ ಜೋಡಿಸಿದರೆ ಸುಮಾರು 147 ವ್ಯಾಟ್ ಎಳೆದು ಕಾಯಿಲ್ ಸುಡುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿನ ಬೆಲೆಯನ್ನೂ ಸೇರಿಸಿಯೇ ಖರೀದಿಯ ಲಾಭವನ್ನು ಎಣಿಸಬೇಕು.

ವಿದ್ಯುತ್ ಕಡಿತದ ವೇಳೆ ಒಂದೇ ಐರನ್ನಿಗಾಗಿ ಇನ್ವರ್ಟರ್ ನಡೆಸುವುದಕ್ಕಿಂತ 12 ವೋಲ್ಟಿನ ಐರನ್ನನ್ನು ನೇರವಾಗಿ ಬ್ಯಾಟರಿಗೆ ಜೋಡಿಸುವುದು ಮಿತವ್ಯಯದ ಮಾರ್ಗ. ಪರಿವರ್ತನೆಯ ನಷ್ಟ ತಪ್ಪುತ್ತದೆ. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯನ್ನು ಅರ್ಧದಷ್ಟೇ ಬಳಸುವ ಶಿಸ್ತಿದ್ದರೆ 25 ವ್ಯಾಟ್ ಐರನ್ ಸುಮಾರು ಒಂದೂವರೆ ಗಂಟೆ ನಡೆಯುತ್ತದೆ. ಆದರೆ ವೈರು ದಪ್ಪವೂ ಗಿಡ್ಡವೂ ಆಗಿರಬೇಕು. ಅರ್ಧ ಓಮ್ ರೋಧವಿದ್ದರೂ 25 ವ್ಯಾಟ್ 21ಕ್ಕೆ ಇಳಿಯುತ್ತದೆ. ಚಾರ್ಜಿಂಗ್ ನಡೆದಿರುವಾಗ ಬೆಸೆಯುವುದೂ ಸಲ್ಲದು. ಆಗ ಬ್ಯಾಟರಿಯ ತುದಿಗಳಲ್ಲಿ 14.4 ವೋಲ್ಟ್ ಇದ್ದರೆ ಅದೇ ಐರನ್ 36 ವ್ಯಾಟ್ ಎಳೆದು ಬಿಟ್ ಬೇಗನೆ ಸವೆಯುತ್ತದೆ.