ಹುಲ್ಲು ಕತ್ತರಿಸುವ ಗಾಲಿ: ಬೆಳಗಾವಿಯ ಮೇವಿನ ಯಂತ್ರದ ಕಥೆ

ಹುಲ್ಲುಹಾಸು ಸವರುವ ಯಂತ್ರದ ಮೂಲವಿರುವುದು ಇಂಗ್ಲೆಂಡಿನ ಬಟ್ಟೆ ಗಿರಣಿಯಲ್ಲಿ. ಉಣ್ಣೆ ಬಟ್ಟೆಯ ಮೇಲೆ ಎದ್ದ ಎಳೆಗಳನ್ನು ಕತ್ತರಿಸುವ ಸಾಧನವನ್ನು ಕಂಡ ಸ್ಟ್ರೌಡ್‌ನ ಎಡ್ವಿನ್ ಬಡ್ಡಿಂಗ್, 1830ರಲ್ಲಿ ಅದೇ ತತ್ವವನ್ನು ಉದ್ಯಾನಕ್ಕೆ ಅಳವಡಿಸಿದ. ಆದರೆ ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿಯಂಥ ಸೀಮೆಯಲ್ಲಿ ಅಂದಕ್ಕಾಗಿ ಹುಲ್ಲು ಕತ್ತರಿಸುವವರು ಯಾರು? ಇದು ಅಮೃತಮಹಲ್ ಕಾವಲುಗಳ ನಾಡು. ಕಾವಲಿನ ಹುಲ್ಲನ್ನು ದನಗಳೇ ಮೇಯುತ್ತಿದ್ದವು. ಇಲ್ಲಿ ಕತ್ತರಿಸಬೇಕಾಗಿದ್ದುದು ಬಣವೆಯ ಒಣಮೇವನ್ನು.

ಅಂಥ ಯಂತ್ರವನ್ನು ಕನ್ನಡ ನೆಲದಲ್ಲಿ ತಯಾರಿಸಿದವರು ಲಕ್ಷ್ಮಣರಾವ್ ಕಿರ್ಲೋಸ್ಕರ್. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಅವರು ಬೆಳಗಾವಿಯಲ್ಲಿ ಸೋದರನೊಡನೆ ಸೈಕಲ್ ಅಂಗಡಿ ನಡೆಸಿದವರು. ಅಲ್ಲಿಯೇ ತೆರೆದ ಪುಟ್ಟ ಕಾರ್ಖಾನೆಯ ಮೊದಲ ಉತ್ಪನ್ನ ಮೇವು ಕತ್ತರಿಸುವ ಯಂತ್ರ. ಅವರಿಗೆ ಹೆಸರು ತಂದ ಕಬ್ಬಿಣದ ನೇಗಿಲು ಬಂದದ್ದು ಆನಂತರ. 1910ರಲ್ಲಿ ಕಾರ್ಖಾನೆ ಔಂಧ್ ಸಂಸ್ಥಾನಕ್ಕೆ ಸ್ಥಳಾಂತರಗೊಂಡಿತು. ಆ ಸ್ಥಳವೇ ಇಂದಿನ ಕಿರ್ಲೋಸ್ಕರವಾಡಿ.

ಜೋಳದ ಸಪ್ಪೆಯನ್ನು ಇಡಿಯಾಗಿ ಹಾಕಿದರೆ ದನಗಳು ಎಲೆ ತಿಂದು ದಂಟನ್ನು ತುಳಿಯುತ್ತವೆ. ಸಣ್ಣಗೆ ಕತ್ತರಿಸಿದರೆ ಆರಿಸಲು ಆಸ್ಪದವಿಲ್ಲ, ಮೇವು ಉಳಿತಾಯವಾಗುತ್ತದೆ. ಬರಗಾಲದಲ್ಲಿ ಈ ಉಳಿತಾಯವೇ ದನವನ್ನು ಸಂತೆಗೆ ಹೊಡೆಯದಂತೆ ಕಾಪಾಡಬಲ್ಲದು.

ಯಂತ್ರದ ರಚನೆ ಸರಳ. ಭಾರವಾದ ಎರಕದ ಗಾಲಿ, ಅದರ ಅರಗಳಿಗೆ ಬಿಗಿದ ಎರಡು ಬಾಗಿದ ಅಲಗುಗಳು. ಮರದ ದೋಣಿಯಲ್ಲಿಟ್ಟ ಮೇವನ್ನು ಹಲ್ಲಿರುವ ಎರಡು ಉರುಳೆಗಳು ಕಚ್ಚಿ ಒಳಗೆಳೆಯುತ್ತವೆ. ಗಾಲಿಯ ತೂಕವೇ ಅಲಗನ್ನು ಕಟ್ಟಿನ ಮೂಲಕ ನುಗ್ಗಿಸುತ್ತದೆ. ತಿರುಗಿಸುವವನ ತೋಳಿಗೆ ಅಷ್ಟು ಶ್ರಮ ಉಳಿಯಿತು. ಸ್ಥಿರವಾದ ಅಂಚಿಗೆ ಚಲಿಸುವ ಅಲಗು ಸವರಿಹೋಗುವ ಈ ಕತ್ತರಿಯ ತತ್ವವೇ ಬಡ್ಡಿಂಗ್‌ನ ಯಂತ್ರದಲ್ಲೂ ಇತ್ತು.

ಅಪಾಯವಿರುವುದೂ ಇದೇ ಉರುಳೆಗಳಲ್ಲಿ. ಹುಲ್ಲು ಯಾವುದು, ಕೈ ಯಾವುದು ಎಂಬ ಭೇದ ಅವಕ್ಕಿಲ್ಲ. ಕೈಯಿಂದ ತಿರುಗಿಸುವಾಗ ಕೂಗು ಕೇಳಿದೊಡನೆ ನಿಲ್ಲಿಸಬಹುದಿತ್ತು. ವಿದ್ಯುತ್ ಮೋಟಾರು ಜೋಡಿಸಿದ ಮೇಲೆ ಆ ಅವಕಾಶವೂ ಕಡಿಮೆಯಾಯಿತು. ಇನ್ನು, ಕೆಲಸವಿಲ್ಲದಾಗ ನಿಂತಿರುವ ಗಾಲಿ ಮಕ್ಕಳಿಗೆ ಆಟದ ವಸ್ತು. ಉತ್ತರ ಭಾರತದ ಹಳ್ಳಿಗಳಲ್ಲಿ ಇಂಥ ಅಪಘಾತಗಳನ್ನು ಅಧ್ಯಯನ ಮಾಡಿದ ದೆಹಲಿ ಐಐಟಿಯ ತಜ್ಞರು ದುಬಾರಿ ಯಂತ್ರವನ್ನೇನೂ ಸೂಚಿಸಲಿಲ್ಲ. ಕೈ ಮುಂದೆ ಹೋಗುವ ಮುನ್ನವೇ ತಡೆದು ಎಚ್ಚರಿಸುವ ಒಂದು ಉರುಳೆ, ಅಲಗಿನ ಮುಂದೊಂದು ತಡೆ, ಬಳಕೆಯಿಲ್ಲದ ವೇಳೆ ಗಾಲಿ ತಿರುಗದಂತೆ ಹಾಕುವ ಅಗುಳಿ. ಹಳೆಯ ಯಂತ್ರವನ್ನು ಗುಜರಿಗೆ ಹಾಕದೆಯೇ ಇವನ್ನು ಜೋಡಿಸಬಹುದು.