ಕಾವಿಗೆ ಕೂತ ಕೋಳಿಯ ಸುತ್ತಲಿನ ಮಾತು: ಕಾಸರಗೋಡಿನ ಕನ್ನಡದಿಂದ ಕೆಲವು ಟಿಪ್ಪಣಿಗಳು

ಸಪ್ತಭಾಷಾ ಸಂಗಮಭೂಮಿಯೆಂದು ಕರೆಸಿಕೊಳ್ಳುವ ಕಾಸರಗೋಡಿನಲ್ಲಿ ಒಂದು ಕೋಳಿಯ ಹಿಂದೆ ಹೋದರೂ ಸಾಕು, ದ್ರಾವಿಡ ಧ್ವನಿವ್ಯತ್ಯಾಸದ ಒಂದು ಪಾಠ ಮುಗಿಯುತ್ತದೆ. ಹಳಗನ್ನಡದ ‘ಕೋೞಿ’ ನಮ್ಮ ಕನ್ನಡದಲ್ಲಿ ‘ಕೋಳಿ’ಯಾಗಿದೆ, ತುಳುವಿನಲ್ಲಿ ‘ಕೋರಿ’ಯಾಗಿದೆ. ಬರೆಹದ ಮಲಯಾಳ ಆ ೞಕಾರವನ್ನು ಇನ್ನೂ ಉಳಿಸಿಕೊಂಡಿದೆ. ಆದರೆ ಇಲ್ಲಿಯ ಆಡುಮಲಯಾಳದಲ್ಲಿ ಅದು ‘ಕೋಯಿ’. ಕುಂಬಳೆಯ ಸಂತೆಯಲ್ಲಿ ಅರ್ಧ ಗಂಟೆ ನಿಂತರೆ ಇವೆಲ್ಲವೂ ಕಿವಿಗೆ ಬೀಳುತ್ತವೆ. ನಾನು ಉಪಭಾಷಾ ಸಂಗ್ರಹಕ್ಕೆ ಹೊರಟ ಮೊದಲ ವರ್ಷಗಳಲ್ಲಿ ಇಷ್ಟಕ್ಕೇ ತೃಪ್ತನಾಗಿದ್ದೆ. ನನ್ನ ಕಾರ್ಡುಗಳಲ್ಲಿ ಕೋಳಿ, ಹೇಂಟೆ, ಹುಂಜ, ಮೊಟ್ಟೆ, ಮರಿ ಎಂಬ ಐದು ನಾಮಪದಗಳಿದ್ದವು. ಅವುಗಳೆದುರು ತುಳುವಿನ ಪೆರಡೆ, ಪೂಂಜ, ತೆತ್ತಿ, ಕಿನ್ನಿ. ಅಲ್ಲಿಗೆ ಕೋಳಿಯ ಕೆಲಸ ಮುಗಿಯಿತೆಂದು ಕಟ್ಟಿಟ್ಟಿದ್ದೆ.

ಆ ಕಟ್ಟು ತಪ್ಪು. ಅದರ ಕಾರಣವನ್ನು ಈ ಸಭೆಯ ಮುಂದೆ ಹೇಳಿಕೊಳ್ಳಬೇಕು. ಕಾಸರಗೋಡಿನ ಕನ್ನಡ ಉಪಭಾಷೆಯೆಂದರೆ ನಮ್ಮಲ್ಲಿ ಹೆಚ್ಚಿನವರು ಹವ್ಯಕರ ಮನೆಮಾತನ್ನೋ ಕೋಟದವರ ಮಾತನ್ನೋ ಮುಂದಿಡುತ್ತೇವೆ. ಆ ಮನೆಗಳಲ್ಲಿ ಕೋಳಿ ಸಾಕುವ ರೂಢಿಯಿಲ್ಲ. ಕೋಳಿ ಸಾಕುವ ಮನೆಗಳಲ್ಲಿ ಬಹುಪಾಲು ಒಳಗೆ ತುಳು ಅಥವಾ ಮಲಯಾಳ. ಕನ್ನಡ ಅವರಿಗೆ ಶಾಲೆಯದು, ಪೇಟೆಯದು, ಯಕ್ಷಗಾನದ್ದು. ಹಾಗಾಗಿ ಕೋಳಿ ಮರಿ ಮಾಡಿಸುವ ವಿದ್ಯೆಯ ಕನ್ನಡ ಯಾರ ಮನೆಮಾತಿನ ಪಟ್ಟಿಗೂ ಸೇರದೆ ನಡುವೆ ಉಳಿಯಿತು. ಎರಡನೆಯ ಭಾಷೆಯಾಗಿ ಆಡುವ ಕನ್ನಡವೂ ಈ ನೆಲದ ಕನ್ನಡವೇ ಎಂದು ಒಪ್ಪದಿದ್ದರೆ ಅದು ಮುಂದೆಯೂ ಸೇರುವುದಿಲ್ಲ.

ಬದಿಯಡ್ಕದಿಂದ ಒಳಗೆ, ತೋಟದ ಕರೆಯ ಒಂದು ಮನೆಯಲ್ಲಿ ನನಗೆ ಇದು ಮನವರಿಕೆಯಾಯಿತು. ಮನೆಯಾಕೆ ತುಳು ಮಾತೃಭಾಷೆಯವರು, ಕನ್ನಡ ಶಾಲೆಯಲ್ಲಿ ಓದಿದವರು. ನಾನು ಬರೆದುಕೊಂಡಿದ್ದ ‘ಮೊಟ್ಟೆ ಒಡೆದು ಮರಿ ಬಂತು’ ಎಂಬ ವಾಕ್ಯವನ್ನು ಓದಿ ಹೇಳಿ, “ಸರಿಯಾ ಅಕ್ಕ?” ಎಂದೆ. ಅವರು ನಕ್ಕರು. “ಒಡೆದ್ರೆ ಅದು ಕಾವಲಿಗೆ ಆಯ್ತು ಮಾಸ್ಟ್ರೇ. ಮರಿಗಾದ್ರೆ ಬಿರೀಬೇಕು.”

ಹೂ ಬಿರಿಯುತ್ತದೆ, ನೆಲ ಬಿರಿಯುತ್ತದೆ ಎನ್ನುವ ಕನ್ನಡ ಮೊಟ್ಟೆಗೂ ಅದೇ ಧಾತುವನ್ನು ಹಚ್ಚಿದ್ದನ್ನು ನಾನು ಕೇಳಿದ್ದು ಅಂದೇ. ಮಲಯಾಳದಲ್ಲಿ ಹೂವಿಗೂ ಮೊಟ್ಟೆಗೂ ‘ವಿರಿ’ ಎಂಬ ಒಂದೇ ಕ್ರಿಯಾಪದ. ಕನ್ನಡದ ಬಕಾರಕ್ಕೆ ಮಲಯಾಳದ ವಕಾರ ಎದುರಾಗುವುದು ನಮಗೆಲ್ಲ ಗೊತ್ತಿರುವ ನಿಯಮ. ಆದುದರಿಂದ ಇದನ್ನು ಮಲಯಾಳದ ಎರವಲು ಎಂದು ತಳ್ಳಿಹಾಕುವುದು ಅವಸರದ ಮಾತು. ಧಾತು ನಮ್ಮದೇ, ನೆರೆಭಾಷೆ ಅದರ ಅರ್ಥವನ್ನು ಸ್ವಲ್ಪ ಹಿಗ್ಗಿಸಿದೆ. ಅರ್ಥವೂ ಚೊಕ್ಕವಾಗಿದೆ: ಒಡೆಯುವುದು ಹೊರಗಿನಿಂದ, ಬಿರಿಯುವುದು ಒಳಗಿನಿಂದ.

ಇಂಥ ಮಾತು ತಿಳಿಯಬೇಕಾದರೆ ಇಪ್ಪತ್ತೊಂದು ದಿನದ ಕೆಲಸವೂ ತಿಳಿದಿರಬೇಕು. ಊರಕೋಳಿ ಒಂದು ಸರದಿ ಮೊಟ್ಟೆಯಿಟ್ಟು ನಿಲ್ಲಿಸುತ್ತದೆ. ಗರಿ ಕೆದರಿಕೊಂಡು, ಸ್ವರ ತಗ್ಗಿಸಿ ಕೊಕ್ ಕೊಕ್ ಎನ್ನುತ್ತ ಖಾಲಿ ಗೂಡಿನಲ್ಲೂ ಕೂರುತ್ತದೆ, ಹತ್ತಿರ ಹೋದರೆ ಕುಕ್ಕುತ್ತದೆ. ದೇಹದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುವುದರ ಪರಿಣಾಮ ಇದು. ಮರಿ ಬೇಡ, ಮೊಟ್ಟೆಯೇ ಬೇಕು ಎನ್ನುವವರು ಕೋಳಿಯನ್ನು ತಣ್ಣೀರಿನಲ್ಲಿ ಅದ್ದುವುದುಂಟು, ಮೂಗಿನ ತೂತಿಗೆ ಗರಿ ಚುಚ್ಚುವುದೂ ಉಂಟು. ಇದಕ್ಕೆ ‘ಕಾವು ಬಿಡಿಸುವುದು’ ಎನ್ನುತ್ತಾರೆ. ಗರಿ ಚುಚ್ಚುವ ಕ್ರಮ ನನಗೆ ಹಿಡಿಸಿದ್ದಲ್ಲ.

ಮರಿ ಬೇಕಿದ್ದವರು ಹಳೆಯ ಹೆಡಿಗೆಯಲ್ಲಿ ಮರಳೋ ಬೂದಿಯೋ ಹಾಕಿ, ಮೇಲೆ ಬೈಹುಲ್ಲು ಹಾಸಿ, ಕತ್ತಲೆಯ ಮೂಲೆಯಲ್ಲಿಟ್ಟು, ರಾತ್ರಿ ಹೊತ್ತು ಕೋಳಿಯನ್ನು ಕೂರಿಸುತ್ತಾರೆ. ಒಂದು ವಾರಕ್ಕಿಂತ ಹಳತಾಗದ, ತೊಳೆಯದ ಮೊಟ್ಟೆ ಹತ್ತೋ ಹನ್ನೆರಡೋ. ಹೆಚ್ಚಿಟ್ಟರೆ ಅಂಚಿನವಕ್ಕೆ ಬಿಸಿ ತಾಗುವುದಿಲ್ಲ. ಮೊಟ್ಟೆಗೆ ಬೇಕಾದ ಬಿಸಿ ಸುಮಾರು 37.5 ಡಿಗ್ರಿ ಸೆಲ್ಸಿಯಸ್. ಕೋಳಿ ಕೊಕ್ಕಿನಿಂದ ಮೊಟ್ಟೆಗಳನ್ನು ಆಗಾಗ ತಿರುಗಿಸುತ್ತಿರುತ್ತದೆ. ಹಾಗೆ ಮಾಡದಿದ್ದರೆ ಭ್ರೂಣ ಪೊರೆಗೆ ಅಂಟಿಕೊಳ್ಳುತ್ತದೆ. ದಿನಕ್ಕೊಮ್ಮೆ ಇಳಿದು ಕಾಳು ನೀರು ಮುಗಿಸಿ ಬರುತ್ತದೆ. ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಹೆಡಿಗೆಯಲ್ಲಿ ಕಬ್ಬಿಣದ ಚೂರೋ ಇದ್ದಲಿನ ತುಂಡೋ ಇಡುವ ನಂಬಿಕೆ ಕರಾವಳಿಯ ಉದ್ದಕ್ಕೂ ಇದೆ. ಕಬ್ಬಿಣ ಗುಡುಗನ್ನು ತಡೆಯದು. ಆದರೆ ಆಟಿಯ ಮಳೆಗೆ ಮರಿ ಮಾಡಿಸಬಾರದೆಂಬ ಮಾತು ಮಾತ್ರ ಅನುಭವದ್ದು: ತಂಡಿಗೆ ಮರಿ ಉಳಿಯುವುದಿಲ್ಲ.

ಏಳನೆಯ ರಾತ್ರಿ ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಕೆಂಪು ನರಗಳ ಬಲೆ ಕಾಣುತ್ತದೆ. ಏನೂ ಕಾಣದಿದ್ದರೆ ಅದನ್ನು ತೆಗೆದುಬಿಡುವುದು. ಹದಿನೆಂಟು ಕಳೆದ ಮೇಲೆ ಯಾರೂ ಮುಟ್ಟಕೂಡದು. ಬಿರಿಯುವ ಮುಂಚೆಯೇ ಒಳಗಿನ ಮರಿ ಚಿಂವ್ ಅನ್ನುತ್ತದೆ, ತಾಯಿ ಮೇಲಿನಿಂದ ಉತ್ತರ ಕೊಡುತ್ತದೆ. ಹೊರಬಂದ ಮರಿಗೆ ಹೊಟ್ಟೆಯೊಳಗೆ ಉಳಿದ ಭಂಡಾರದ ಅಂಶವೇ ಒಂದೆರಡು ದಿನಕ್ಕೆ ಸಾಕಾಗುತ್ತದೆ. ನುಚ್ಚಕ್ಕಿ ಆಮೇಲೆ.

ಈಗ ‘ಕಾವು’ ಎಂಬ ಪದಕ್ಕೆ ಬರೋಣ. ನಿಘಂಟಿನ ಪ್ರಕಾರ ಇದು ಬಿಸಿಯಾಗು ಎಂಬರ್ಥದ ‘ಕಾಯ್’ ಧಾತುವಿನಿಂದ ಬಂದದ್ದು. ರಕ್ಷಿಸು ಎಂಬರ್ಥದ ‘ಕಾಯ್’ ಬೇರೆ. ನೀರು ಕಾಯುವುದು ಬೇರೆ, ಮನೆ ಕಾಯುವುದು ಬೇರೆ. ಆದರೆ “ಕೋಳಿ ಮೊಟ್ಟೆ ಕಾಯ್ತಾ ಉಂಟು” ಎಂದು ಆ ಅಕ್ಕ ಹೇಳಿದಾಗ ಯಾವ ಕಾಯ್ ಎಂದು ಕೇಳಿದೆ. “ಎರಡೂ ಹೌದಲ್ಲ? ಬಿಸಿ ಕೊಡದಿದ್ರೆ ಮರಿಯಾಗ್ಲಿಕ್ಕಿಲ್ಲ, ಕಾಯದಿದ್ರೆ ಕೇರೆಹಾವು ಬಿಡ್ಲಿಕ್ಕಿಲ್ಲ” ಎಂದರು. ಇದು ಜನಪದ ವ್ಯುತ್ಪತ್ತಿ ಎಂದು ನಗುವ ಮೊದಲು ತಮಿಳನ್ನು ನೋಡಬೇಕು. ಅಲ್ಲಿ ಇದೇ ಕೆಲಸಕ್ಕೆ ‘ಅಡೈಕಾ’ ಎನ್ನುತ್ತಾರೆ, ಆ ‘ಕಾ’ ರಕ್ಷಿಸುವ ‘ಕಾ’. ಮಲಯಾಳದಲ್ಲಿ ‘ಅಡಯಿರಿಕ್ಕು’, ‘ಪೊರುನ್ನು’ ಎಂಬ ಮಾತುಗಳಿವೆ. ಅಲ್ಲಿ ‘ಕಾವು’ ಎಂದರೆ ತೆಯ್ಯ ಕಟ್ಟುವ ದೇವರ ಬನ. ಕನ್ನಡದ ‘ಕೋಳಿ ಕಾವಿನಲ್ಲಿದೆ’ ಎಂಬ ವಾಕ್ಯವನ್ನು ಚಂದ್ರಗಿರಿ ಹೊಳೆಯ ತೆಂಕು ದಡದವರಿಗೆ ಹೇಳಿದರೆ ಹರಕೆಯ ಕೋಳಿಯೆಂದೇ ತಿಳಿದಾರು.

ಹೆಸರಿನ ಇನ್ನೊಂದು ಗಡಿಯೂ ಗಮನಿಸತಕ್ಕದ್ದು. ಬಯಲುಸೀಮೆಯ ‘ನಾಟಿ ಕೋಳಿ’, ಉತ್ತರ ಕರ್ನಾಟಕದ ‘ಜವಾರಿ ಕೋಳಿ’ ನಮ್ಮಲ್ಲಿ ‘ಊರಕೋಳಿ’. ನಮಗೆ ನಾಟಿಯೆಂದರೆ ಗದ್ದೆಯದು. ಮೊಟ್ಟೆಯ ಸಂಗತಿ ಇನ್ನೂ ವಿಚಿತ್ರ: ಉತ್ತರ ಕರ್ನಾಟಕದ ‘ತತ್ತಿ’ಗೆ ತುಳುವಿನ ‘ತೆತ್ತಿ’ ನಂಟು, ನಡುವಿನ ಸೀಮೆಯಲ್ಲೆಲ್ಲ ‘ಮೊಟ್ಟೆ’.

ಈ ಶಬ್ದಗಳು ಮರೆಯಾಗುತ್ತಿರುವುದಕ್ಕೆ ಇಂಗ್ಲಿಷನ್ನೋ ಮಲಯಾಳವನ್ನೋ ದೂರುವುದು ನಮ್ಮ ಅಭ್ಯಾಸ. ಇಲ್ಲಿ ಕಾರಣ ಕೋಳಿಯೇ. ಹೆಚ್ಚು ಮೊಟ್ಟೆಗಾಗಿ ತಳಿ ಆರಿಸುತ್ತ ಹೋದಂತೆ ಕಾವಿಗೆ ಕೂರುವ ಗುಣವನ್ನೇ ಕಳೆದರು. ಕಾವಿಗೆ ಕೂತ ಕೋಳಿ ಮೊಟ್ಟೆಯಿಡುವುದಿಲ್ಲವಷ್ಟೆ. ಬಿಳಿ ಲೆಗ್‌ಹಾರ್ನ್ ಕೂರುವುದೇ ಅಪರೂಪ. ಬೆಂಗಳೂರಿನಲ್ಲಿ ರೂಪುಗೊಂಡ ಗಿರಿರಾಜವೂ ಕೂರುವುದಿಲ್ಲ. ಅದರ ಮೊಟ್ಟೆಯನ್ನು ಊರಕೋಳಿಯ ಅಡಿಗಿಡಬೇಕು, ಇಲ್ಲವೇ ಯಂತ್ರಕ್ಕೆ. ಕೂರದ ಕೋಳಿಯ ಮನೆಯಲ್ಲಿ ‘ಕಾವು ಬಿಡಿಸು’ ಎಂಬ ಮಾತಿಗೆ ಏನು ಕೆಲಸ? ಮರಿ ಪೆಟ್ಟಿಗೆಯಲ್ಲಿ ಬರುತ್ತದೆ, ‘ಬಿರಿ’ ಬರುವುದಿಲ್ಲ.

ನಮ್ಮ ಪ್ರಶ್ನಾವಳಿಗಳು ‘ಇದಕ್ಕೆ ಏನನ್ನುತ್ತೀರಿ’ ಎಂದು ವಸ್ತುವನ್ನು ತೋರಿಸಿ ಕೇಳುತ್ತವೆ. ಕ್ರಿಯಾಪದವನ್ನು ಬೆರಳಿನಿಂದ ತೋರಿಸಲು ಬರುವುದಿಲ್ಲ, ಕೆಲಸ ನಡೆಯುವಾಗ ಹತ್ತಿರ ಕೂತಿರಬೇಕು. ಆ ಮನೆಯಲ್ಲಿ ಈಗ ಉಳಿದಿರುವುದು ಕಪ್ಪು ಬಣ್ಣದ ಒಂದೇ ಹೇಂಟೆ. ಅದು ಕಾವಿಗೆ ಕೂತ ದಿನ ತಿಳಿಸಬೇಕೆಂದು ಅಕ್ಕನಿಗೆ ಹೇಳಿ ಬಂದಿದ್ದೇನೆ. “ಬನ್ನಿ, ಆದ್ರೆ ಹದಿನೆಂಟರ ನಂತ್ರ ಹೆಡಿಗೆ ಹತ್ರ ನಿಮ್ಮ ರೆಕಾರ್ಡರು ತರ್ಬೇಡಿ” ಎಂದಿದ್ದಾರೆ.